ನೀರೊಲೆಗೆ ಹೋದ ಗಿಟಾರ್

ನಮ್ಮ ಜಿಲ್ಲೆಗಷ್ಟೇ ಕೇಳಿಸುವ ಒಂದು ಸಣ್ಣ ರೇಡಿಯೋದಲ್ಲಿ ಬೆಳಗಿನ ಹರಟೆ ಕಾರ್ಯಕ್ರಮ ನಡೆಸುವವಳು ನಾನು. ಕರಿಕೆಯಿಂದ ಕುಶಾಲನಗರದವರೆಗೆ ಯಾರು ಬೇಕಾದರೂ ಫೋನ್ ಮಾಡಿ ಆನೆ ಕಾಟ, ಕರೆಂಟು, ಸೊಸೆ, ಯಾವುದನ್ನಾದರೂ ಬೈಯಬಹುದು. ಅವರ ಬಾಯಿ ಬಿಡಿಸುವುದೇ ನನ್ನ ಕೆಲಸ. ನನ್ನ ಬಾಯಿಯೇ ಕಟ್ಟಿಹೋದದ್ದು ಹಳೆಯ ಗೆಳೆಯ ಅತಿಥಿಯಾಗಿ ಬಂದ ದಿನ.

ಅವನೀಗ ಹೆಸರುವಾಸಿ ಗಾಯಕ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಸೇರಿ ಕುಶಾಲನಗರದ ಒಂದು ಶುಂಠಿ ತೊಳೆಯುವ ಶೆಡ್ಡಿನಲ್ಲಿ ಬ್ಯಾಂಡ್ ಕಟ್ಟಿದ್ದೆವು. ಗ್ರಂಜ್ ಅಂತ ಅದಕ್ಕೆ ಹೆಸರು: ಒಡಕು ಗಿಟಾರು, ಒಡಕು ಗಂಟಲು, ಮನೆಯವರ ಮೇಲಿನ ಸಿಟ್ಟನ್ನೆಲ್ಲ ಕಿರುಚಿ ತೀರಿಸಿಕೊಳ್ಳುವುದು. ಪಂಪಿನ ಸದ್ದಿನಲ್ಲಿ ನಮ್ಮ ಸದ್ದು ಯಾರಿಗೂ ಕೇಳುತ್ತಿರಲಿಲ್ಲ, ಅದೊಂದು ಅನುಕೂಲ. ಅವನು ಹಾಡುತ್ತಿದ್ದ; ಹಾಡು ಬರೆದು ಗಿಟಾರ್ ನುಡಿಸುವವಳು ನಾನು.

ಪರೀಕ್ಷೆಯಲ್ಲಿ ನಾನು ಫೇಲಾದ ದಿನ ಅಪ್ಪ ನನ್ನ ಗಿಟಾರನ್ನು ಮುರಿದು ಬಚ್ಚಲಿನ ನೀರೊಲೆಗೆ ತುರುಕಿದ. ಹಂಡೆ ನೀರು ಕಾಯಿತು. ಅಪ್ಪ ಸ್ನಾನ ಮಾಡಿದ. "ನೀರು ಆರೋಗುತ್ತೆ, ನೀನೂ ಹುಯ್ಕೊ" ಎಂದು ಅಮ್ಮ ನನ್ನನ್ನು ದಬ್ಬಿದಳು. ಅದೇ ನೀರು ಹುಯ್ದುಕೊಂಡು ಅಳುತ್ತ ಮಿಂದೆ. ಆಮೇಲೆ ಅದನ್ನೇ ಹಾಡು ಮಾಡಿ ಗೆಳೆಯನಿಗೆ ಕೊಟ್ಟೆ, ಮತ್ತೆ ಗಿಟಾರ್ ಮುಟ್ಟಲಿಲ್ಲ. ಅವನಿಗೆ ಹೆಸರು ತಂದದ್ದು ಆ ಹಾಡೇ.

"ಆ ಹಾಡು ಹೇಗೆ ಹುಟ್ಟಿತು, ಹೇಳಿ" ಎಂದು ಮೈಕಿನಲ್ಲಿ ಕೇಳಿದೆ. ನನ್ನ ಹೆಸರು ಹೇಳುತ್ತಾನೆಂಬ ಆಸೆಯಿತ್ತು, ಸುಳ್ಳೇಕೆ. ಮನೆಯಲ್ಲಿ ಅಪ್ಪ ದಿನವೂ ನನ್ನ ಕಾರ್ಯಕ್ರಮ ಕೇಳುತ್ತಾನೆ. ಎದುರು ನಿಂತು ನಾನು ಹೇಳಲಾರದ್ದು ಹೀಗಾದರೂ ಅವನಿಗೆ ಮುಟ್ಟಲಿ ಎಂದುಕೊಂಡಿದ್ದೆ.

"ನಮ್ಮಪ್ಪ ನನ್ನ ಗಿಟಾರ್ ಸುಟ್ಟುಬಿಟ್ರು," ಎಂದ ಅವನು. ಹಂಡೆ, ಬಿಸಿನೀರು, ಅಳು, ಒಂದನ್ನೂ ಬಿಡದೆ ಹೇಳಿದ. ಹೇಳುತ್ತ ಅವನ ಕಣ್ಣು ತುಂಬಿತು. ಅವನ ಮನೆಯಲ್ಲಿ ನೀರೊಲೆಯೇ ಇರಲಿಲ್ಲ, ಗೀಸರ್ ಇತ್ತು. ಅವನಪ್ಪನೋ, ನಮ್ಮ ಡ್ರಮ್ಮುಗಳನ್ನು ಸ್ವಂತ ಜೀಪಿನಲ್ಲಿ ಹೇರಿಕೊಂಡು ಊರೂರು ಸುತ್ತಿದ ಪುಣ್ಯಾತ್ಮ.

ಹಾಡು ಹಾಕಿ ಮೈಕ್ ಆಫ್ ಮಾಡಿದೆ. "ಅದು ನನ್ನ ಗಿಟಾರ್ ಕಣೋ."

ಅವನು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದ. "ನಿಮ್ಮನೇಲೂ ಸುಟ್ಟಿದ್ರಾ?"

ನಾಟಕವಾಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ನಾಟಕದಂತೆ ಕಾಣಲಿಲ್ಲ. ಟಿವಿಯ ಮಾತುಕತೆಗಳಲ್ಲಿ ಇದೇ ಪ್ರಶ್ನೆಗೆ ಅತ್ತು ಅತ್ತು ಅವನಿಗೆ ಅದು ನಿಜವೇ ಆಗಿಹೋಗಿತ್ತೋ, ನನಗೆ ಗೊತ್ತಿಲ್ಲದ ಇನ್ನೇನೋ ನೋವನ್ನು ಇದರೊಳಗೆ ತುಂಬಿಕೊಂಡಿದ್ದನೋ, ತಿಳಿಯಲಿಲ್ಲ. ಹಾಡು ಮುಗಿಯುತ್ತ ಬಂತು. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. "ಮುಂದಿನ ಕರೆ ಸೋಮವಾರಪೇಟೆಯಿಂದ" ಎಂದುಬಿಟ್ಟೆ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ. "ಪಾಪ ಕಣವ್ವ ಆ ಹುಡ್ಗ," ಎಂದ. "ಅದೆಂಥ ಕಟುಕ ಅಪ್ಪನೋ. ಮಕ್ಳು ಆಸೆಪಟ್ಟಿದ್ದನ್ನ ಯಾರಾದ್ರೂ ಒಲೆಗೆ ಹಾಕ್ತಾರಾ?"

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ. ಯಾವ ವರ್ಷ ನಮ್ಮ ಗದ್ದೆಯ ಯಾವ ಮೂಲೆಯ ಶುಂಠಿ ಕೊಳೆಯಿತು ಎಂದು ಇವತ್ತಿಗೂ ಹೇಳುವ ಮನುಷ್ಯ ಇದೊಂದನ್ನು ಮರೆತಿದ್ದ. ಸಿಟ್ಟು ಬಂತು. ಅಯ್ಯೋ ಅಂತಲೂ ಅನ್ನಿಸಿತು. ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು.

"ನಿಂದೂ ಒಂದಿತ್ತಲ್ವಾ ಗಿಟಾರು," ಅಪ್ಪ ಕೇಳಿದ. "ಎಲ್ಲೋಯ್ತು ಅದು?"

"ಅವನ ಹತ್ರ ಐತಪ್ಪ."

"ಇಸ್ಕಂಡು ಬರಬಾರ್ದಾ ಮತ್ತೆ? ನಿಂದಲ್ವಾ," ಎಂದ ಅಪ್ಪ.