ವತ್ಸಲಾಬಾಯಿ ಎರಡು ಸಲ ಮಾಡಿದ ಪರೀಕ್ಷೆ

ವತ್ಸಲಾಬಾಯಿಯದು ಕೂತಲ್ಲಿ ಕೂರುವ ಸ್ವಭಾವವಲ್ಲ. ತಿರ್ಲಾಪುರದ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆ ಕಲಿಸುತ್ತಿದ್ದಳು. ಗಂಡ ಏಕನಾಥ ಸಂಶಿಯ ಹೈಸ್ಕೂಲಿನಲ್ಲಿ ಗುಮಾಸ್ತ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಸಂಶಿಗೆ ಹೋಗುವಳು, ಸೋಮವಾರ ಬೆಳಗ್ಗೆ ಮರಳಿ ತಿರ್ಲಾಪುರದ ತನ್ನ ಬಾಡಿಗೆ ಖೋಲಿಗೆ ಬರುವಳು. 1985ರ ಬೇಸಿಗೆಯಲ್ಲಿ, ಕಿವಿ ಕೇಳದ ಮಕ್ಕಳನ್ನು ಗುರುತಿಸುವುದನ್ನು ಕಲಿಸಲು ಮೈಸೂರಿನಲ್ಲಿ ಹದಿನೈದು ದಿನದ ತರಬೇತಿ ಇಟ್ಟರು. ರಜೆ ಕಳೆದುಕೊಂಡು ಅಷ್ಟು ದೂರ ಹೋಗಲು ತಾಲೂಕಿನಲ್ಲಿ ಬೇರಾರೂ ಒಪ್ಪಲಿಲ್ಲ. ಈಕೆ ಕೇಳಿದ ದಿನವೇ ಹೂಂ ಅಂದಳು.

ತಿರುಗಿ ಬಂದವಳು ಒಂದು ನೋಟ್‌ಬುಕ್ಕು ಹಿಡಿದು, ಊರಲ್ಲಿ ಕೂಸು ಇದ್ದ ಮನೆಗಳನ್ನೆಲ್ಲ ಸುತ್ತತೊಡಗಿದಳು. ಕುರಿ ಸಾಕುವ ಭರಮಪ್ಪನ ಹೆಂಡತಿ ರೇಣುಕವ್ವ ತಾನೇ ಶಾಲೆಯ ತನಕ ಬಂದು ಕರೆದಳು.

"ಬಾಯಾರ, ನನ್ನ ಮಗಳು ಕೂಗಿದ್ರ ಹೊಳ್ಳಿ ನೋಡವಲ್ಲಳ್ರಿ. ನೀವು ಅದನ್ನ ಕಲತು ಬಂದೀರಂತಲ್ರಿ, ಒಂದೀಟು ನೋಡ್ರಿ."

ಎಂಟು ತಿಂಗಳ ಮೈಲಾರವ್ವ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕಾಲಾಡಿಸುತ್ತಿದ್ದಳು. ವತ್ಸಲಾಬಾಯಿ ತಲೆಯ ಕಡೆ ನಿಂತು ಚಮಚದಿಂದ ತಾಟು ಬಾರಿಸಿದಳು. ಕೂಸು ಮಿಸುಕಲಿಲ್ಲ. ಇನ್ನಷ್ಟು ಹತ್ತಿರ ಬಂದು, ತಾಟನ್ನು ತೊಟ್ಟಿಲಿನ ಅಂಚಿಗೆ ಆನಿಸಿ ಹಿಡಿದು ಬಾರಿಸಿದಳು. ಕೂಸು ಥಟ್ಟನೆ ತಲೆ ಹೊರಳಿಸಿತು.

"ಕೇಳಸ್ತದವಾ. ಚಿಂತಿ ಮಾಡಬ್ಯಾಡ."

ಹೊಸ್ತಿಲ ಬಳಿ ಕೂತಿದ್ದ ಅತ್ತೆ ಸಾವಂತ್ರೆವ್ವ, "ನಾ ಹೇಳಿದ್ದಿಲ್ಲೇನು. ಇಲ್ಲದ್ದೆಲ್ಲಾ ಹಚಗೊಂಡು ಕುಂದರತೈತಿ ಇದು," ಎಂದು ಸೊಸೆಯನ್ನು ಗದರಿಕೊಂಡಳು. ವತ್ಸಲಾಬಾಯಿ ಪುಸ್ತಕದಲ್ಲಿ "ಸರಿ" ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದಳು. ಅಂಗಳ ದಾಟುವಾಗ ರೇಣುಕವ್ವ ಏನೋ ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾದದ್ದು ಕಂಡಿತ್ತು. ವತ್ಸಲಾಬಾಯಿ ನಿಂತು ಕೇಳಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಮೈಸೂರು, ಈ ಸಲ ಒಂದು ತಿಂಗಳು. ಒಂದು ದಿನ ಕಲಿಸುವ ಮೇಡಂ ಒಂದು ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಅದರ ಪುಟ್ಟ ಕೈಗಳನ್ನು ಮೇಜಿನ ಮೇಲೆ ಇರಿಸಿದರು. ಬೆನ್ನ ಹಿಂದಿನಿಂದ ಬಂದು, ತಟ್ಟೆಯನ್ನು ಮೇಜಿಗೆ ತಾಗಿಸಿ ಬಡಿದರು. ಮಗು ತಿರುಗಿತು. ಕೇಳಿಸುತ್ತದೆ ಎಂದು ಎಲ್ಲರೂ ಬರೆದುಕೊಂಡರು. ಮೇಡಂ ತಟ್ಟೆಯನ್ನು ಮೇಲೆತ್ತಿ, ಮೊದಲಿಗಿಂತ ಜೋರಾಗಿ ಬಡಿದರು. ಮಗು ತನ್ನ ಬೆರಳು ಚೀಪುತ್ತ ಕೂತೇ ಇತ್ತು.

"ಈಗ ಹೇಳಿ. ಮೊದಲು ತಿರುಗಿದ್ದು ಯಾಕೆ? ಮಗುವಿಗೆ ಕೇಳಿಸಿತೋ, ಕಂಡಿತೋ, ಮೈಗೆ ತಟ್ಟಿತೋ, ಅದನ್ನು ಬಿಡಿಸಿ ನೋಡದವರು ಪರೀಕ್ಷೆ ಮಾಡಲೇಬಾರದು."

ವತ್ಸಲಾಬಾಯಿಯ ಪೆನ್ನು ನಿಂತುಹೋಯಿತು. ತೊಟ್ಟಿಲಿನ ಅಂಚು ನಡುಗಿದ್ದು ಆಕೆಯ ಅಂಗೈಗೆ ಆಗ ತಿಳಿಯಿತು, ಹತ್ತು ತಿಂಗಳು ತಡವಾಗಿ. ಊಟಕ್ಕೆ ಹೋಗದೆ ವರಾಂಡದ ಈ ತುದಿಯಿಂದ ಆ ತುದಿಗೆ ತಿರುಗಾಡಿದಳು. ಮೊದಲ ಎರಡು ವರ್ಷ ಕೇಳದೆ ಕಳೆದರೆ ಮಾತಿಗೆ ಅದು ದೊಡ್ಡ ನಷ್ಟ ಎಂದು ಇದೇ ಕೋಣೆಯಲ್ಲಿ ಹೇಳಿದ್ದರು. ಮೈಲಾರವ್ವಳಿಗೆ ಆಗಲೇ ಒಂದೂವರೆ. ತರಬೇತಿ ಮುಗಿಯಲು ಇನ್ನೂ ಹನ್ನೆರಡು ದಿನ. ಕಾಗದ ಬರೆದರೆ ಆ ಮನೆಯಲ್ಲಿ ಓದುವವರು ಯಾರು, ಓದಿದರೂ ನಂಬುವವರು ಯಾರು? ಮಧ್ಯಾಹ್ನ ಮೇಡಂ ಮುಂದೆ ಹೋಗಿ ನಿಂತಳು.

"ನಡುವೆ ಬಿಟ್ಟು ಹೋದರೆ ಸರ್ಟಿಫಿಕೇಟ್ ಕೊಡುವುದಿಲ್ಲ," ಎಂದರು ಮೇಡಂ.

"ಗೊತ್ತದರಿ. ನಾ ಒಂದು ಕೂಸಿಗೆ ಸುಳ್ಳು ಬರದು ಬಂದೀನಿ."

ಮೇಡಂ ಆಕೆಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಮುಂದೆ ಏನೇನು ಮಾಡಬೇಕೆಂದು ಒಂದು ತಾಸು ಹೇಳಿಕೊಟ್ಟರು. ಏಳುವಾಗ ಹೇಳಿದರು: "ತಪ್ಪಾಗಿದ್ದರೆ ನೀವೇ ನಿಮ್ಮ ಬಾಯಿಂದ ಹೇಳಿ. ಡಾಕ್ಟರ ಬಾಯಲ್ಲಿ ಹೇಳಿಸಬೇಡಿ."

ಹುಬ್ಬಳ್ಳಿಗೆ ಬಂದು, ನವಲಗುಂದದ ಬಸ್ಸಿನಲ್ಲಿ ಇಡೀ ದಾರಿ ನಿಂತೇ ಬಂದಳು. ಜಾಗ ಇದ್ದರೂ ಕೂರಲಾಗಲಿಲ್ಲ. ತಿರ್ಲಾಪುರದಲ್ಲಿ ಇಳಿದವಳು ಖೋಲಿಗೂ ಹೋಗದೆ ನೇರ ರೇಣುಕವ್ವನ ಮನೆಗೆ ನಡೆದಳು. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ನೆರಳು ಬೀಳದಂತೆ ಹಿಂದೆ ನಿಂತು ತಾಟು ಬಾರಿಸಿದಳು. ಗಂಟೆ ಅಲ್ಲಾಡಿಸಿದಳು. ಕಡೆಗೆ ಡೊಳ್ಳು ತರಿಸಿ ದೂರದಲ್ಲಿ ಬಡಿಸಿದಳು. ಡೊಳ್ಳಿಗೊಮ್ಮೆ ಮಗು ಕೈಯಾಟ ನಿಲ್ಲಿಸಿತು. ಉಳಿದದ್ದಕ್ಕೆ ಏನೂ ಇಲ್ಲ.

"ರೇಣುಕವ್ವ, ಹ್ವಾದ ವರ್ಷ ನಾ ತಪ್ಪು ಹೇಳಿದ್ದೆ. ತಾಟು ತೊಟ್ಟಿಲಕ್ಕ ಹತ್ತಿತ್ತು. ಕಟಗಿ ನಡುಗಿದ್ದಕ್ಕ ಆಕಿ ಹೊಳ್ಳಿದ್ಲು, ಸಪ್ಪಳಕ್ಕಲ್ಲ. ಆಕಿಗೆ ಭಾಳ ಕಡಿಮಿ ಕೇಳಸ್ತದ."

ರೇಣುಕವ್ವ ಮಗಳ ಕೂದಲು ಸವರಿದಳು.

"ನನಗ ಗೊತ್ತಿತ್ರಿ, ಬಾಯಾರ. ಹೆತ್ತಾಕಿಗೆ ತಿಳಿಯೂದಿಲ್ಲೇನ್ರಿ. ಆದ್ರ ಕಲತವ್ರು ನೀವ ಕೇಳಸ್ತದ ಅಂದ ಮ್ಯಾಲ ನನ್ನ ಮಾತು ಯಾರು ಕೇಳ್ತಾರ್ರಿ? ಕಡೀಕ ನನಗೂ ನಂದ ಸುಳ್ಳು ಅನಸಾಕ ಹತ್ತಿತ್ತು."

ಬೈದಿದ್ದರೆ ವತ್ಸಲಾಬಾಯಿ ತಡೆದುಕೊಳ್ಳುತ್ತಿದ್ದಳು. ಬೈಗುಳ ಬರಲಿಲ್ಲ. ಸಾವಂತ್ರೆವ್ವ ಮಾತ್ರ, "ಆವತ್ತು ಹಂಗ, ಇವತ್ತು ಹಿಂಗ. ಯಾವುದು ಖರೇ ಅಂತ ನಂಬೂಣ್ರಿ?" ಎಂದಳು. "ನಂಬಬ್ಯಾಡ್ರಿ. ಮೈಸೂರಿಗೆ ಕರಕೊಂಡು ಹೋಗೂಣು, ಅಲ್ಲಿ ಮಷಿನ್ ಇಟ್ಟು ನೋಡ್ತಾರ," ಎಂದಳು ವತ್ಸಲಾಬಾಯಿ.

ಕುರಿಗಳ ಜೊತೆ ದೂರ ಹೋಗಿದ್ದ ಭರಮಪ್ಪನಿಗೆ ಹೇಳಿ ಕಳಿಸಿದರು. ಜೂನ್ ತಿಂಗಳಲ್ಲಿ ಎಲ್ಲರೂ ಹೋಗಿ ಬಂದರು. ಮೈಲಾರವ್ವಳ ಎದೆಯ ಮೇಲೆ ಅರಿವೆಯ ಚೀಲದಲ್ಲಿ ಕಿವಿಯ ಮಷಿನ್ನಿನ ಒಂದು ಸಣ್ಣ ಪೆಟ್ಟಿಗೆ, ಅಲ್ಲಿಂದ ಕಿವಿಗೆ ತಂತಿ. ಮಗು ಅದನ್ನು ದಿನಕ್ಕೆ ಹತ್ತು ಸಲ ಕಿತ್ತೆಸೆಯಿತು. ಬೆವರಿಗೆ ಸೆಲ್ಲು ಕೆಟ್ಟಿತು. ವತ್ಸಲಾಬಾಯಿ ಸಂಜೆ ಸಂಜೆ ಬಂದು, ಬಾಯಿ ಅಗಲಿಸಿ "ಅಮ್ಮಾ, ನೀರೂ" ಎಂದು ಹೇಳಿಕೊಡುವಳು. ಮಗು ಅವಳ ತುಟಿಯನ್ನೇ ನೋಡಿ ಸದ್ದಿಲ್ಲದೆ ಬಾಯಿ ತೆರೆಯುವುದು. ಮೂರು ತಿಂಗಳಾದರೂ ಒಂದು ಸ್ವರವಿಲ್ಲ. ಮೇಡಂಗೆ ಕಾಗದ ಬರೆದಳು. ಉತ್ತರ ಚಿಕ್ಕದಾಗಿತ್ತು: "ನೀವು ಅವಸರ ಮಾಡುತ್ತಿದ್ದೀರಿ. ತುಟಿ ನೋಡುವುದನ್ನು ಕಲಿಸುತ್ತಿದ್ದೀರಿ, ಕೇಳುವುದನ್ನಲ್ಲ. ಮಗುವಿಗೆ ಕಲಿಸುವುದು ಬಿಟ್ಟು ತಾಯಿಗೆ ಕಲಿಸಿ."

ಅದೇ ವಾರ ಸಂಶಿಗೆ ವರ್ಗವಾದ ಆದೇಶ ಬಂತು. ಮೂರು ವರ್ಷದಿಂದ ಗಂಡಹೆಂಡತಿ ಇಬ್ಬರೂ ಅರ್ಜಿ ಬರೆದು ಬರೆದು ಪಡೆದದ್ದು. ವತ್ಸಲಾಬಾಯಿ ಒಲ್ಲೆ ಎಂದಳು. ಆ ಶನಿವಾರ ಸಂಶಿಗೆ ಹೋದಾಗ ಏಕನಾಥ ಎರಡು ದಿನ ಮುನಿಸಿಕೊಂಡೇ ಇದ್ದ. ಮೂರನೆಯ ದಿನ, "ನೀ ಅಲ್ಲೇ ಇದ್ರೂ ನಿನ್ನ ಜೀವಕ್ಕ ಸಮಾಧಾನ ಇರೂದಿಲ್ಲ, ಇಲ್ಲಿ ಬಂದ್ರೂ ಇರೂದಿಲ್ಲ. ಆತು, ಅಲ್ಲೇ ಇರು," ಎಂದ.

ರೇಣುಕವ್ವ ಬೇಗ ಕಲಿತಳು. ಸೆರಗಿನಿಂದ ಬಾಯಿ ಮರೆಮಾಡಿಕೊಂಡು, ಮಗುವಿನ ಪೆಟ್ಟಿಗೆಯ ಹತ್ತಿರ ಬಗ್ಗಿ ಮಾತಾಡುವಳು. ರೊಟ್ಟಿ ಬಡಿಯುವಾಗ ರೊಟ್ಟಿಯ ಮಾತು, ಹತ್ತಿ ಬಿಡಿಸುವಾಗ ಹತ್ತಿಯ ಮಾತು. ಓಣಿಯವರು ನಕ್ಕರೂ ನಿಲ್ಲಿಸಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಬೆನ್ನ ಹಿಂದಿನಿಂದ ಕರೆದಾಗ ಮೈಲಾರವ್ವ ಹೊಳ್ಳಿದಳು. ಯುಗಾದಿ ಕಳೆದು "ಬಾ" ಎಂದಳು, ಅದೂ ಆಡಿನ ಮರಿಗೆ. ನಾಲ್ಕೂವರೆ ತುಂಬುವಾಗ ಮೂರು ಶಬ್ದ ಕೂಡಿಸಿ ಹೇಳುತ್ತಿದ್ದಳು. ಹೊರಗಿನವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಒಂದು ವರ್ಷ ಮೊದಲೇ ಮಷಿನ್ ಹಾಕಿದ್ದರೆ ಎಷ್ಟು ತಿಳಿಯುತ್ತಿತ್ತೋ ಎಂಬುದನ್ನು ವತ್ಸಲಾಬಾಯಿ ಯಾರ ಮುಂದೆಯೂ ಆಡಲಿಲ್ಲ. ಮೈಲಾರವ್ವಳ ಮಾತು ಕೇಳುವಾಗಲೆಲ್ಲ ಅದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು.

1989ರ ವೈಶಾಖದಲ್ಲಿ ರೇಣುಕವ್ವ ಅಣ್ಣಿಗೇರಿಗೆ ಮದುವೆಗೆ ಹೋದವಳು ಎರಡು ದಿನ ಮೊದಲೇ ತಿರುಗಿ ಬಂದಳು. ಗಂಟು ಇಳಿಸದೆ ವತ್ಸಲಾಬಾಯಿಯ ಖೋಲಿಯ ಬಾಗಿಲಿಗೆ ಬಂದು ನಿಂತಳು.

"ಬಾಯಾರ, ಅಲ್ಲೊಂದು ಐದು ತಿಂಗಳ ಕೂಸೈತ್ರಿ. ಬಾಜಾ ಬಾರಿಸಿದ್ರೂ ನಿದ್ದಿಯಿಂದ ಏಳಲಿಲ್ಲ. ಅದರವ್ವಗ ಹೇಳಿದ್ರ ಸಿಟ್ಟಾದ್ಲು. ನಾಳೆ ಬರ್ತೀರೇನ್ರಿ?"

ವತ್ಸಲಾಬಾಯಿ ಗಡಿಯಾರ ನೋಡಿದಳು. ನಾಲ್ಕೂಕಾಲು.

"ನಾಳೆ ಯಾಕ? ಇವತ್ತ ಐದರ ಬಸ್ಸು ಅದ ಅಲ್ಲೇನು," ಎಂದು ಕಾಲಿಗೆ ಚಪ್ಪಲಿ ಹುಡುಕತೊಡಗಿದಳು.