ಕೊರಟಗೆರೆ ಬೆಂಚು, ಪಾವಗಡ ಬೆಂಚು

ಮೊನ್ನೆ ಭಾನುವಾರ ಬೆಳಿಗ್ಗೆ ಮಧುಗಿರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾವು ಮೂವರು ಕೂತಿದ್ದೆವು. ನಾನು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ ಅವುಚಿಕೊಂಡ ನನ್ನ ಹೆಂಡತಿ, ನಡುವೆ ಕಾಲಾಡಿಸುತ್ತ ಒಂದನೇ ಕ್ಲಾಸಿನ ಮೊಮ್ಮಗಳು. ಸಿದ್ದರಬೆಟ್ಟ ಹತ್ತಲೇಬೇಕೆಂದು ಹಟ ಹಿಡಿದವಳು ಅವಳು. ಮೊಣಕಾಲನ್ನು ಒಂದು ಮಾತೂ ಕೇಳದೆ ಹೂಂ ಅಂದವನು ನಾನು. ಇಬ್ಬರನ್ನೂ ಬೈಯುತ್ತಲೇ ಒಗ್ಗರಣೆ ಹಾಕಿದವಳು ಹೆಂಡತಿ. ಕೊರಟಗೆರೆ ಬಸ್ಸಿಗೆ ಕಾಯುತ್ತಿದ್ದಾಗ ಹಿಂದುಗಡೆ ಯಾವುದೋ ಬಸ್ಸಿನ ಕಂಡಕ್ಟರು ಎರಡು ಸಲ ಸೀಟಿ ಊದಿದ. ಪೀ, ಪೀ.

ಅಷ್ಟಕ್ಕೇ ನನಗೆ ನಗು ಉಕ್ಕಿತು. ತಡೆಯಲು ಹೋದೆ, ಮೂಗಿನಿಂದ ಬಂತು.

“ಏನಾಯ್ತು ನಿಮ್ಗೆ?” ಅಂದಳು ಹೆಂಡತಿ.

“ಪಲ್ಲವಿ ನೆನಪಾದ್ಲು ಕಣೇ.”

“ಸರಿಹೋಯ್ತು. ಇನ್ನು ಬಸ್ಸು ಬಂದಂಗೇ,” ಎಂದು ಆಕೆ ಡಬ್ಬಿಯನ್ನು ಇನ್ನಷ್ಟು ಅವುಚಿಕೊಂಡಳು. ಈ ಕಥೆ ಅವಳಿಗೆ ಬಾಯಿಪಾಠ. ಮೊಮ್ಮಗಳಿಗೂ ನಿಮಗೂ ಅಲ್ಲವಲ್ಲ, ಕೇಳಿ.

ನಾನು ನಿವೃತ್ತನಾಗುವ ಮುಂಚೆ ಇದ್ದದ್ದು ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಶಾಲೆಯಲ್ಲಿ. ಇಬ್ಬರೇ ಮೇಷ್ಟರು. ಒಬ್ಬ ನಾನು, ಇನ್ನೊಬ್ಬರು ಶಾಹೀನಾ ಟೀಚರು. ಶಿರಾದ ಹೆಣ್ಣುಮಗಳು. ಶಿರಾದಿಂದ ಮಧುಗಿರಿಗೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಇನ್ನೊಂದು. ದಿನಾ ಬೆಳಿಗ್ಗೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, “ಸಾರ್, ಇವತ್ತೂ ನಿಂತ್ಕೊಂಡೇ ಬಂದೆ,” ಅಂದರೆ ಶಾಲೆ ಶುರುವಾಯಿತು ಎಂದು ಅರ್ಥ. ಗಂಟೆ ಆಮೇಲೆ ಹೊಡೆಯುತ್ತಿತ್ತು.

ಚಿಕ್ಕ ಮಕ್ಕಳಿಗೆ ಕಲಿಸುವುದು ನನಗೆ ಬರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಕಾಲದ ಕ್ರಮವೆಂದರೆ ನಾನು ಹೇಳುವುದು, ಅವರು ಕೂಗುವುದು. ಊರ ಗಡಿಯವರೆಗೆ ಕೇಳಿಸಿದರೆ ಪಾಠ ಚೆನ್ನಾಗಾಯಿತು. ಒಮ್ಮೆ ತರಬೇತಿಗೆ ಕರೆಸಿ, ‘ಮಗುವಿನೊಂದಿಗೆ ಮಗುವಾಗಿ’ ಎಂದು ನಮ್ಮನ್ನೆಲ್ಲ ಕಪ್ಪೆಗಳಂತೆ ಕುಪ್ಪಳಿಸಲು ಹಚ್ಚಿದರು. ಉಳಿದವರೆಲ್ಲ ಕಪ್ಪೆಗಳಾಗಿ ಹೋಗಿ ಮನುಷ್ಯರಾಗಿ ಬಂದರು. ನಾನು ಮಾತ್ರ ಸೊಂಟ ಹಿಡಿದುಕೊಂಡು ಕಪ್ಪೆಯಾಗಿಯೇ ಮನೆ ಸೇರಿದೆ. ಮನೆಯಾಕೆ ಎಣ್ಣೆ ಹಚ್ಚುತ್ತ, “ಪಾಠ ನಿಮ್ಗೋ ಮಕ್ಳಿಗೋ?” ಎಂದು ಕೇಳಿದ್ದು ಇನ್ನೂ ಸೊಂಟದಲ್ಲಿದೆ.

ಶಾಹೀನಾ ಟೀಚರಿಗೆ ಕಪ್ಪೆಯ ಹಂಗಿರಲಿಲ್ಲ. ಕೈಗೆ ಸಿಕ್ಕಿದ್ದೇ ಪಾಠ. ಮಧ್ಯಾಹ್ನದ ಊಟದ ತಟ್ಟೆಗಳ ಹಿಂದೆ ಒಬ್ಬೊಬ್ಬರ ಹೆಸರು ಬರೆದು ಎಲ್ಲವನ್ನೂ ಬೋರಲು ಹಾಕಿಬಿಡುತ್ತಿದ್ದರು. ತನ್ನ ಹೆಸರು ಓದಿದವರಿಗೆ ತಟ್ಟೆ. ಹಸಿವಿನ ಮುಂದೆ ಯಾವ ಒತ್ತಕ್ಷರ ನಿಂತೀತು? ಹೊಂಗೆ ಎಲೆಗಳನ್ನು ದೊಡ್ಡದು ಚಿಕ್ಕದು ಎಂದು ಸಾಲಾಗಿ ಜೋಡಿಸುವುದು, ಅಂಗಳದ ಮರಳಿನಲ್ಲಿ ‘ಅ’ ಬರೆದು ಅದರ ಮೇಲೆ ರೈಲಿನಂತೆ ನಡೆಯುವುದು, ಇವೆಲ್ಲ ನಡೆಯುತ್ತಿದ್ದವು. ಕಡಲೆಕಾಯಿಯಲ್ಲಿ ಕಳೆಯುವ ಲೆಕ್ಕ ಕಲಿಸಿದ್ದು ಮಾತ್ರ ಕೈಕೊಟ್ಟಿತು. ಯಾವ ಲೆಕ್ಕ ಕೊಟ್ಟರೂ ಎಲ್ಲರ ಉತ್ತರವೂ ಸೊನ್ನೆ. “ಸರಿಯಾಗೇ ಇದೆ ಬಿಡಿ ಸಾರ್,” ಎಂದು ನಗುತ್ತ ಟೀಚರು ಸಿಪ್ಪೆ ಗುಡಿಸಿದರು.

ಪಲ್ಲವಿ ಬಂದದ್ದು ಅದೇ ವರ್ಷ. ಅವಳ ಅಪ್ಪ ನಮ್ಮೂರ ರಂಗಮ್ಮಜ್ಜಿಯ ಮಗ. ಪಾವಗಡದಾಚೆ, ಆಂಧ್ರದ ಗಡಿಯಲ್ಲಿ ಹೆಣ್ಣು ಮಾಡಿಕೊಂಡು ಅಲ್ಲೇ ನಿಂತವನು. ಗಂಡ ಹೆಂಡತಿ ಇಬ್ಬರೂ ಕೆಲಸ ಸಿಕ್ಕ ಕಡೆ ಹೋಗುವವರು. ಮಗು ಶಾಲೆಯಲ್ಲಿ ನೆಲೆ ನಿಲ್ಲಲಿ ಎಂದು ಅಜ್ಜಿಯ ಹತ್ತಿರ ತಂದು ಬಿಟ್ಟರು. ಮಗುವಿಗೆ ಬರುತ್ತಿದ್ದುದು ತೆಲುಗು. ಅಜ್ಜಿಗೆ ಬರುತ್ತಿದ್ದುದು ಕನ್ನಡ, ಅದೂ ಜೋರಾಗಿ. ಪಲ್ಲವಿ ಬಾಯಿಗೆ ಬೀಗ ಹಾಕಿಕೊಂಡಳು. ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ. ನನ್ನ ತೆಲುಗಿನಲ್ಲಿ ಒಂದು ದಿನ ಮಾತಾಡಿಸಿ ನೋಡಿದೆ. ಕಣ್ಣರಳಿಸಿ ನನ್ನನ್ನೇ ನೋಡಿದಳು, ಪಾಪ ಮೇಷ್ಟ್ರಿಗೆ ಏನೋ ಆಗಿದೆ ಎನ್ನುವ ಹಾಗೆ.

ರಂಗಮ್ಮಜ್ಜಿ ದಿನಾ ಶಾಲೆಯ ಗೇಟಿಗೆ ಬರುತ್ತಿದ್ದಳು. “ಏನ್ ಮೇಷ್ಟ್ರೆ, ಬಾಯಿ ಬುಟ್ಲಾ?”

“ಇಲ್ಲಮ್ಮ, ಬಿಡ್ತಾಳೆ ತಾಳು.”

“ಹೆಂಗ್ ತಾಳ್ಲಿ? ಮನೇಲಿ ನಾನೊಬ್ಳೇ ವಟವಟ ಅಂತೀನಿ, ಗೋಡೆ ಜೊತೆ ಮಾತಾಡ್ದಂಗೆ. ಊರೋರು ಮೂಗಿ ಅಂತವ್ರೆ. ಸಂಕ್ರಾಂತಿಗಂಟ ನೋಡ್ತೀನಿ. ಆಗ್ಲೂ ಮಾತಾಡ್ನಿಲ್ಲ ಅಂದ್ರೆ ಅವ್ರಮ್ಮನ ತಾವ್ಕೇ ಬುಟ್ಬುಟ್ ಬತ್ತೀನಿ. ಸ್ಕೂಲೂ ಬೇಡ, ಏನೂ ಬೇಡ.”

ಬಿಟ್ಟು ಬಂದರೆ ಮಗುವಿನ ಓದು ಅಲ್ಲಿಗೆ ಮುಗಿದಂತೆ. ಅಜ್ಜಿಗೂ ಗೊತ್ತಿತ್ತು. ಹೇಳಿ ಮುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಆ ವಾರವೇ ಶಾಹೀನಾ ಟೀಚರು ಬಸ್ಸಿನ ಆಟ ತಂದರು. ದಿನಾ ಬಸ್ಸಿನಲ್ಲಿ ನಿಂತು ನಿಂತು ಬಂದದ್ದು ನೋಡಿ, ಅಲ್ಲೇ ಹೊಳೆದಿರಬೇಕು. ಬೆಂಚುಗಳೆಲ್ಲ ಬಸ್ಸು. ಪ್ರತಿ ಬೆಂಚಿನ ಮುಂದೆ ಊರಿನ ಹೆಸರು ಬರೆದ ಸ್ಲೇಟು: ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ಟೀಚರು ಒಬ್ಬೊಬ್ಬರ ಕಿವಿಯಲ್ಲಿ ಒಂದು ಊರು ಹೇಳುತ್ತಾರೆ. ಬೋರ್ಡು ಓದಿ ಆ ಬಸ್ಸು ಹತ್ತಬೇಕು. ಹೊಂಗೆ ಎಲೆಯೇ ಟಿಕೆಟ್ಟು. ತಪ್ಪು ಓದಿದವನು ಕೊರಟಗೆರೆಯ ಅತ್ತೆ ಮನೆಗೆಂದು ಹೊರಟು ಪಾವಗಡದಲ್ಲಿ ಇಳಿಯುತ್ತಿದ್ದ. ಕ್ಲಾಸಿಗೆ ಕ್ಲಾಸೇ ಹೋ ಎನ್ನುತ್ತಿತ್ತು. ಇಮ್ರಾನ್ ಎಂಬ ಗಟ್ಟಿಗಂಟಲ ಹುಡುಗ ಊರು ಕೂಗುವವನು. ಆ ಗಂಟಲು ಕೇಳಿದರೆ ನಿಜವಾದ ಬಸ್ಸಿನವರೂ ನಾಚಬೇಕು.

ಪಲ್ಲವಿಗೆ ಏನು ಕೆಲಸ ಕೊಡುವುದು? “ಮಾತಾಡದೇ ಇರೋ ಕೆಲ್ಸ ಒಂದಿದೆ ಸಾರ್,” ಎಂದು ಟೀಚರು ಪಿ.ಟಿ. ಸಾಮಾನಿನ ಡಬ್ಬದಿಂದ ನನ್ನ ಸೀಟಿಯನ್ನು ತೆಗೆದು ಅವಳ ಕೊರಳಿಗೆ ಹಾಕಿದರು. ಒಂದು ಊದಿದರೆ ಹೋಲ್ಡಾನ್, ಎರಡು ಊದಿದರೆ ರೈಟ್. ಪಲ್ಲವಿ ಒಂದು ಊದಿದಳು. ನಲವತ್ತು ಕಾಲು ಒಟ್ಟಿಗೆ ನಿಂತವು. ಎರಡು ಊದಿದಳು. ಎಲ್ಲ ಬಸ್ಸುಗಳೂ ಗುರ್ರೆಂದವು. ಅವಳ ಮುಖ ನೀವು ನೋಡಬೇಕಿತ್ತು. ಆ ದಿನದಿಂದ ಊಟಕ್ಕೂ ಸೀಟಿ ತೆಗೆಯಲಿಲ್ಲ. ನಾನು ಪಾಠದಲ್ಲಿ ಉದ್ದಕ್ಕೆ ಹೋದರೆ ನನಗೂ ಒಂದು ಬೀಳುತ್ತಿತ್ತು.

ಸಂಕ್ರಾಂತಿ ಹತ್ತಿರವಾಯಿತು. ಸೀಟಿ ಊದುತ್ತಿತ್ತು, ಬಾಯಿ ತೆರೆಯಲಿಲ್ಲ.

ಹಬ್ಬಕ್ಕೆ ಇನ್ನೇನು ವಾರವಿದೆ ಅನ್ನುವಾಗ ಒಂದು ಮಧ್ಯಾಹ್ನ ಆಟ ಜೋರಾಗಿ ನಡೆದಿತ್ತು. ನಮ್ಮ ಶಾಲೆಯ ಗೇಟಿನ ಪಕ್ಕದಲ್ಲೇ ಬಸ್ಸು ನಿಲ್ಲುವ ಜಾಗ. ಇಮ್ರಾನ್ ಎಂದಿನಂತೆ, “ಪಾವ್ಗಡ ಪಾವ್ಗಡ ಪಾವ್ಗಡಾ! ಬೇಗ್ ಬನ್ನಿ, ಸೀಟ್ ಖಾಲಿ!” ಎಂದು ಕಿರುಚುತ್ತಿದ್ದ. ನೋಡುತ್ತೇನೆ, ಬಾಗಿಲಲ್ಲಿ ಒಬ್ಬ ಮುದುಕಿ. ಕಣ್ಣಿನ ಆಪರೇಷನ್ ಆದವರು ಹಾಕುವ ದೊಡ್ಡ ಕಪ್ಪು ಕನ್ನಡಕ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕೋಳಿ. ಯಾರನ್ನೂ ಕೇಳದೆ ಒಳಗೆ ಬಂದು, ಮಕ್ಕಳನ್ನು ಮೊಣಕೈಯಲ್ಲಿ ಸರಿಸಿ, ಮುಂದಿನ ಬೆಂಚಿನಲ್ಲಿ ಕೂತು, ಕೋಳಿಯನ್ನು ಕಾಲಡಿ ಇಟ್ಟು, “ಉಸ್ಸಪ್ಪಾ,” ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಟೀಚರು ನನ್ನ ಅಂಗಿ ತೋಳು ಹಿಡಿದೆಳೆದು ಕಣ್ಣಲ್ಲೇ ಸುಮ್ಮನಿರಿ ಅಂದರು.

ಮುದುಕಿ ಕೊರಳಲ್ಲಿ ಸೀಟಿ ಇದ್ದವಳನ್ನು ಗುರುತಿಸಿ ತೆಲುಗಿನಲ್ಲಿ ಕೇಳಿದಳು: “ಏಮ್ಮಾ, ಈ ಬಸ್ಸು ಪಾವಗಡ ಪೋತುಂದಾ?”

ಪಲ್ಲವಿ ಸೀಟಿ ಬಾಯಿಗಿಟ್ಟು ಒಂದು ಊದಿದಳು. ಮುದುಕಿ ಅಲ್ಲಾಡಲಿಲ್ಲ. ಪಲ್ಲವಿ ಸ್ಲೇಟು ನೋಡಿದಳು, ಮುದುಕಿಯನ್ನು ನೋಡಿದಳು. ಸೀಟಿ ತುಟಿಯಿಂದ ಜಾರಿತು. ಬೆರಳಿಟ್ಟು ಓದಿದಳು: “ಕೊ... ರ... ಟ... ಗೆ... ರೆ.” ಆಮೇಲೆ ಕಟ್ಟೆ ಒಡೆದಂತೆ, “ಇದಿ ಪಾವಗಡ ಪೋದವ್ವಾ! ಇದು ಕೊರಟಗೆರೆ ಬಸ್ಸು! ದಿಗು, ದಿಗು! ಇಳೀರಿ! ಪಾವಗಡ ಬಸ್ಸು ಅಲ್ಲಿ!” ಎಂದು ಹಿಂದಿನ ಬೆಂಚು ತೋರಿಸಿದಳು.

ಮುದುಕಿ ಕೋಳಿ ಎತ್ತಿಕೊಂಡು, ಮರುಮಾತಿಲ್ಲದೆ ಹೋಗಿ ಪಾವಗಡ ಬೆಂಚಿನಲ್ಲಿ ಕೂತಳು! ಪಲ್ಲವಿ ಅವಳಿಗೊಂದು ಹೊಂಗೆ ಎಲೆ ಹರಿದು ಕೊಟ್ಟಳು. ಮುದುಕಿ ಅದನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಶಾಹೀನಾ ಟೀಚರು ಗೋಡೆ ಕಡೆ ತಿರುಗಿ ನಿಂತಿದ್ದರು, ಬೆನ್ನು ಕುಲುಕುತ್ತಿತ್ತು. ಅದು ನಗುವೋ ಅಳುವೋ ಕೇಳುವ ಧೈರ್ಯ ನನಗೆ ಬರಲಿಲ್ಲ, ಏಕೆಂದರೆ ನನ್ನದೇ ಯಾವುದೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ನಿಜವಾದ ಪಾವಗಡ ಬಸ್ಸು ಬಂತು. ನಮ್ಮೂರಲ್ಲಿ ಕೈ ಅಡ್ಡ ಹಿಡಿಯುವವರಿಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಪಲ್ಲವಿ ಗೇಟಿಗೆ ಓಡಿದಳು. ನಾನು, ಹಳೆಯ ಕಪ್ಪೆ, ಅವಳ ಹಿಂದೆ. ಗೇಟಿನ ಕಂಬ ಹಿಡಿದು ನಿಂತು ಉಸಿರು ಕಟ್ಟಿ ಒಂದು ಊದಿದಳು. ಡ್ರೈವರು ಬ್ರೇಕು ಒತ್ತಿಯೇಬಿಟ್ಟ! ಕೋಳಿ, ಬುಟ್ಟಿ, ಕನ್ನಡಕ ಸಮೇತ ಮುದುಕಿಯನ್ನು ಟೀಚರು ಹತ್ತಿಸಿದರು. ಎರಡು ಸೀಟಿ. ಬಸ್ಸು ಹೊರಟೇಹೋಯಿತು. ಕಂಡಕ್ಟರು ಹಿಂದಿನ ಬಾಗಿಲಿಂದ ತಲೆ ಹೊರಹಾಕಿ, “ಯಾವಳ್ಲಾ ಅದು, ನನ್ ಬಸ್ಗೆ ರೈಟ್ ಕೊಟ್ಟಿದ್ದು!” ಎಂದು ಕೂಗಿದ್ದು ಧೂಳಿನೊಳಗಿಂದ ಕೇಳಿಸಿತು.

ಸುದ್ದಿ ಊರೊಳಗೆ ನಮಗಿಂತ ಮುಂಚೆ ಓಡಿತ್ತು. ರಂಗಮ್ಮಜ್ಜಿ ಸಗಣಿ ಕೈಯಲ್ಲೇ ಬಂದಳು. “ದಿಟವೇನ್ ಮೇಷ್ಟ್ರೆ? ಮಾತಾಡಿದ್ಲಾ? ನಿಮ್ ಕಿವೀಲಿ ಕೇಳಿದ್ರಾ?”

“ನೀನೇ ಕೇಳಮ್ಮ. ಕೂತ್ಕೋ,” ಅಂದರು ಟೀಚರು.

ಅಜ್ಜಿ ಬೆಂಚಿನಲ್ಲಿ ಕೂತಳು. ಪಲ್ಲವಿ ಎಲೆ ಹಿಡಿದು ಬಂದು ಕಂಡಕ್ಟರನ ಗತ್ತಿನಲ್ಲಿ ನಿಂತಳು. “ಎಲ್ಲಿಗಜ್ಜಿ?”

ಜಗಳಕ್ಕೆ ಊರಲ್ಲೇ ಹೆಸರಾದ ಬಾಯಿ ಅದು. ಅವತ್ತು ಮೆತ್ತಗೆ ತೆರೆಯಿತು. “ಮನೆಗೆ ಕಣವ್ವ,” ಅಂದಳು. “ನಮ್ಮನೆಗೆ.”

ಪಲ್ಲವಿ ಬೋರ್ಡುಗಳನ್ನೆಲ್ಲ ನೋಡಿದಳು. ಆ ಊರು ಯಾವ ಬಸ್ಸಿನಲ್ಲೂ ಇರಲಿಲ್ಲ. ಕೊರಟಗೆರೆಯನ್ನು ಅಂಗೈಯಲ್ಲಿ ಒರೆಸಿ, ಸೊಟ್ಟಸೊಟ್ಟಗೆ ‘ಮನೆ’ ಎಂದು ಬರೆದು, ಎರಡು ಊದಿದಳು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಬಸ್ಸು ಬಂದು ನಿಂತಿತು. ಹೆಂಡತಿ ಡಬ್ಬಿ ಸಮೇತ ಎದ್ದಳು. ಮೊಮ್ಮಗಳು, “ತಾತ, ಇದೇನಾ ಕೊರಟಗೆರೆ ಬಸ್ಸು?” ಎಂದು ಕೇಳಿದಳು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಬಂದದ್ದೇ ಬೇರೆ.

“ಬೋರ್ಡು ಓದು, ಮರಿ.”

“ಕೊ...” ಎಂದು ಶುರುಮಾಡಿದಳು. ‘ರ’ ಬೇಗ ಬಂತು. ‘ಟ’ದ ಹತ್ತಿರ ತಲೆ ಓರೆ ಮಾಡಿ ಯೋಚಿಸಿದಳು. ಹೆಂಡತಿ, “ಅಯ್ಯೋ, ಹತ್ರೀ ಮೊದ್ಲು!” ಎಂದು ಕೂಗುತ್ತಿದ್ದಳು. ಎರಡು ಸೀಟಿ ಬಿತ್ತು. ನಮ್ಮನ್ನು ಬಿಟ್ಟು ಹೊರಟ ಬಸ್ಸು ತಿರುವು ದಾಟುವಾಗ ಮೊಮ್ಮಗಳು, “ಗೆ, ರೆ! ಕೊರಟಗೆರೆ!” ಎಂದು ಕುಣಿದಳು. ಹೆಂಡತಿ ನನ್ನನ್ನು ನೋಡಿದ ನೋಟ ಬರೆಯುವಂಥದಲ್ಲ. ಆಮೇಲೆ ಅವಳೂ ನಕ್ಕಳು. ಬೆಂಚಿನ ಮೇಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

“ತಾತ, ಪಲ್ಲವೀನ ಸಂಕ್ರಾಂತಿಗೆ ಅವರಮ್ಮನ ಹತ್ರ ಬಿಟ್ಟುಬಂದ್ರಾ?” ಎಂದು ಮೊಮ್ಮಗಳು ಬಾಯಿ ತುಂಬಿಕೊಂಡೇ ಕೇಳಿದಳು.

ಅಜ್ಜಿ ಕರೆದುಕೊಂಡೇನೋ ಹೋದಳು, ಎಳ್ಳು ಬೀರಲು. ಹಬ್ಬ ಮುಗಿಸಿಕೊಂಡು ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಸೀಟಿನಲ್ಲಿ ವಾಪಸು ಬಂದರು. ಮಾರನೆಯ ಬೆಳಿಗ್ಗೆ ಪಲ್ಲವಿ ಎಲ್ಲರಿಗಿಂತ ಮುಂಚೆ ಶಾಲೆಗೆ ಬಂದು, ಕೊರಳಿನ ಸೀಟಿ ತೆಗೆದು ಶಾಹೀನಾ ಟೀಚರ ಕೈಯಲ್ಲಿಟ್ಟಳು.

“ಇದು ಇಮ್ರಾನ್‌ಗೆ ಕೊಡಿ ಮಿಸ್,” ಅಂದಳು. “ಇವತ್ತಿಂದ ನಾನು ಕೂಗ್ತೀನಿ.”