ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದ ವೈಫೈ

ನಮ್ಮ ಮನೆಯ ವೈಫೈ ಸರಿ ಮಾಡಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಯಜಮಾನರು ನೆಂಟರ ಮುಂದೆ ಈ ಸಂಗತಿ ಹೇಳುವಾಗ ‘ನಾವು ಸರಿ ಮಾಡಿದ್ವಿ’ ಅನ್ನುತ್ತಾರೆ. ಅವರು ಮಾಡಿದ್ದು ಸ್ವಿಚ್ ಆರಿಸಿ ಮತ್ತೆ ಹಾಕಿದ್ದು, ಅಷ್ಟೇ. ಅದನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಬಹಳ ಗಂಭೀರವಾಗಿ ಮಾಡುತ್ತಿದ್ದರು.

ನಾನು ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಓದಿ, ಮದುವೆಯಾಗಿ ಕೊಣನೂರಿಗೆ ಬಂದವಳು. ಇಲ್ಲೇ ಒಂದು ಸಣ್ಣ ಶಾಲೆಯಲ್ಲಿ ಒಂಬತ್ತು ವರ್ಷ ಗಣಿತ ಹೇಳಿಕೊಟ್ಟೆ. ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿತು. ಆಮೇಲೆ ನಾಲ್ಕು ವರ್ಷ ನನ್ನನ್ನು ಯಾರೂ ಮೇಡಂ ಎಂದು ಕರೆಯಲಿಲ್ಲ. ಸಂತೆಯಲ್ಲಿ ಹಳೆಯ ವಿದ್ಯಾರ್ಥಿಗಳು ಯಾರಾದರೂ ಎದುರಾಗಿ ‘ಚೆನ್ನಾಗಿದ್ದೀರಾ ಆಂಟಿ’ ಎಂದರೆ ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಹಾಗಾಗಿ ಚನ್ನರಾಯಪಟ್ಟಣದಲ್ಲಿ ಪಾಠ ನಡೆಸುವ ಮೇಷ್ಟ್ರೊಬ್ಬರು ಫೋನ್ ಮಾಡಿ, ಎಸ್ಸೆಸ್ಸೆಲ್ಸಿಯ ಹನ್ನೆರಡು ಮಕ್ಕಳಿಗೆ ಸಂಜೆ ಆರರಿಂದ ಏಳರವರೆಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೀರಾ ಎಂದು ಕೇಳಿದಾಗ, ಅವರು ಮಾತು ಮುಗಿಸುವ ಮೊದಲೇ ಹೂಂ ಎಂದೆ.

ವೈಫೈ ಹಾಕಲು ಅರಕಲಗೂಡಿನಿಂದ ಒಬ್ಬ ಬಂದ. ನಡುವಯಸ್ಸಿನವನು, ಏಣಿ ಹತ್ತಿದರೆ ಇಳಿಯುವವರೆಗೂ ಮಾತು ನಿಲ್ಲಿಸದವನು. ಮುಂಬಾಗಿಲ ಪಕ್ಕದ ಗೋಡೆಗೆ ತೂತು ಹೊಡೆಯಲು ಡ್ರಿಲ್ ಎತ್ತಿದ್ದನೋ ಇಲ್ಲವೋ, ನಮ್ಮತ್ತೆ ಅಡ್ಡ ನಿಂತರು.

“ಮುಂದ್ಲು ಗ್ವಾಡೆಗೆ ತೂತು ಬ್ಯಾಡ ಕಣಪ್ಪ. ಲಕ್ಷ್ಮಿ ಬರೋ ಬಾಕ್ಲು ಅದು.”

ಹಿಂದಿನ ಗೋಡೆ ಕಲ್ಲಿನದು, ಅವನ ಡ್ರಿಲ್ಲಿಗೆ ಬಗ್ಗಲಿಲ್ಲ. ಕೊನೆಗೆ ಹಿಂಬಾಗಿಲಿನ ಮೇಲಿನ ಮೂಲೆಯಲ್ಲಿ ದಾರಿ ಸಿಕ್ಕಿತು. ಆ ಬಾಗಿಲು ಹಳೆಯದು, ಸೊಟ್ಟಗಾಗಿತ್ತು. ಎಳೆದುಕೊಂಡರೂ ಮೇಲೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಆ ಸಂದಿನಲ್ಲಿ ವೈರು ತೂರಿಸಿ, ಅಡುಗೆಮನೆಯ ಗೋಡೆಗುಂಟ ಎಳೆದು ನಡುಮನೆಗೆ ತಂದು ಮೋಡೆಮ್ ಕೂರಿಸಿದ. ಹಸಿರು ದೀಪ ಹತ್ತಿತು.

“ವೈರು ಮಡಚ್‌ಬ್ಯಾಡಿ ಅಕ್ಕ. ಒಳಗೆ ಗಾಜಿನ ಎಳೆ ಐತೆ. ಅದು ಬಗ್ಗುದ್ರೆ ಕೆಂಪು ದೀಪ ಬತ್ತದೆ,” ಎಂದು ಹೇಳಿ ಹೋದ.

ಮೊದಲ ವಾರ ಪಾಠ ಹೂವೆತ್ತಿದ ಹಾಗೆ ನಡೆಯಿತು. ಶನಿವಾರ ಮೇಷ್ಟ್ರು ಫೋನ್ ಮಾಡಿ, ಮಕ್ಕಳು ನಿಮ್ಮ ಪಾಠವನ್ನೇ ಕೇಳುತ್ತಿದ್ದಾರೆ ಮೇಡಂ ಎಂದರು. ನಾನು ಬೇಕೆಂದೇ ಸ್ಪೀಕರ್ ಹಾಕಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

ಸೋಮವಾರದಿಂದ ಪೀಡೆ ಶುರುವಾಯಿತು. ಪಾಠದ ನಡುವೆ ಮಕ್ಕಳ ಮುಖಗಳು ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದವು. ಹೋಗಿ ನೋಡಿದರೆ ಮೋಡೆಮಿನಲ್ಲಿ ಕೆಂಪು ದೀಪ. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಕಳೆದರೆ ತಾನಾಗಿಯೇ ಹಸಿರು. ಮೊಬೈಲಿನಲ್ಲಿ ಮುಂದುವರಿಸೋಣವೆಂದರೆ ನಮ್ಮ ಓಣಿಯಲ್ಲಿ ಸಿಗ್ನಲ್ ಹಿಡಿಯಲು ಮಹಡಿ ಹತ್ತಬೇಕು. ಅರಕಲಗೂಡಿನವನು ಎರಡು ಸಲ ಬೆಳಿಗ್ಗೆ ಹತ್ತಕ್ಕೆ ಬಂದು, ಯಂತ್ರ ಹಿಡಿದು ನೋಡಿ, “ಎಲ್ಲಾ ಸರ್ಯಾಗೈತೆ ಮೇಡಂ” ಎಂದ. ಎರಡನೆಯ ಸಲ ನಾನು ಅವನ ಮೇಲೆ ರೇಗಿದೆ. ಸರಿಯಾಗಿರುವ ಹೊತ್ತಿನಲ್ಲಿ ಬಂದು ಸರಿಯಾಗಿದೆ ಎನ್ನಲು ನೀನೇ ಬೇಕಾ ಎಂದೆ. ಪಾಪ, ಕಾಫಿ ಅರ್ಧಕ್ಕೇ ಬಿಟ್ಟು ಹೋದ.

ಪೀಡೆ ಶುರುವಾದ ಮೂರನೆಯ ವಾರದ ಕೊನೆಗೆ ಮೇಷ್ಟ್ರ ಫೋನು. ಪರೀಕ್ಷೆ ಹತ್ತಿರ ಬಂತು, ಸೋಮವಾರವೂ ಹೀಗೇ ಆದರೆ ಪಾಠವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಈ ಸಲ ನಾನು ಸ್ಪೀಕರ್ ಹಾಕಿರಲಿಲ್ಲ. ಆದರೂ ನನ್ನ ಮುಖ ನೋಡಿ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಭಾನುವಾರ ತಲೆಗೆ ನೀರು ಹಾಕಿಕೊಂಡು ಕೂತೆ. ವೈಫೈ ಹೋದ ಸಮಯವನ್ನು ನಾನು ದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಮೊದಲ ದಿನ ಆರು ಹದಿನೇಳು, ಆಮೇಲೆ ಆರು ಹತ್ತೊಂಬತ್ತು, ಇಪ್ಪತ್ತೆರಡು, ಈಗ ಇಪ್ಪತ್ತೇಳು. ಹೋಗುವ ಹೊತ್ತು ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು. ಇಷ್ಟು ಕ್ರಮವಾಗಿ ಕೆಡುವ ಯಂತ್ರ ಎಲ್ಲಿದೆ? ಹಾಗೇ ನೋಡುತ್ತಿದ್ದಾಗ ಅದೇ ಚೌಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಸೂರ್ಯಾಸ್ತದ ಸಮಯ ಕಣ್ಣಿಗೆ ಬಿತ್ತು. ನನ್ನ ಅಂಕಿಯೂ ಆ ಅಂಕಿಯೂ ಒಂದೆರಡು ನಿಮಿಷದ ಅಂತರದಲ್ಲಿ ಜೊತೆಜೊತೆಗೇ ನಡೆದಿದ್ದವು.

ಸೂರ್ಯ ಮುಳುಗಿದರೆ ಮೋಡೆಮಿಗೇನು? ಮೋಡೆಮಿಗೆ ಏನೂ ಇಲ್ಲ, ಮನೆಗೆ ಇದೆ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿಂಬಾಗಿಲು ಹಾಕುತ್ತೇವೆ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆಗೆಯುತ್ತೇವೆ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದಲ್ಲ. ಪಾಠ ಶುರುವಾಗುವ ತನಕ ಆ ಬಾಗಿಲು ಹಾಕುತ್ತಿದ್ದವಳೂ ನಾನೇ, ಈಗ ಅತ್ತೆ ಹಾಕುತ್ತಾರೆ. ದಿನವೂ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ.

“ಅತ್ತೆ, ಒಂದ್ ಸಲ ಹಿಂಬಾಗ್ಲು ಹಾಕಿ,” ಎಂದೆ.

“ಮಟಮಟ ಮಧ್ಯಾನ್ದಲ್ಲಿ ಯಾಕವ್ವ?”

“ಸಂಜೆ ಹೆಂಗ್ ಹಾಕ್ತೀರೋ ಹಂಗೇ ಹಾಕಿ.”

ಅವರು ಬಾಗಿಲು ಎಳೆದು, ಭುಜ ಕೊಟ್ಟು ನೂಕಿ, ಮೇಲಿನ ಚಿಲಕವನ್ನು ಕಿರ್ರನೆ ಏರಿಸಿದರು. ಮೂಲೆಯ ಸಂದು ಮಾಯ. ನಡುಮನೆಯಲ್ಲಿ ಕೆಂಪು ದೀಪ. ಚಿಲಕ ಇಳಿಸಿದರು, ಸ್ವಲ್ಪ ಹೊತ್ತಿಗೆ ಹಸಿರು. ಮೂರು ಸಲ ಹಾಕಿಸಿ ತೆಗೆಸಿದೆ, ಮೂರು ಸಲವೂ ಅದೇ. ಖುಷಿಗೆ ನಾನು ಚಪ್ಪಾಳೆ ತಟ್ಟಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಿ.ಎಸ್ಸಿ. ಪಾಸಾದ ದಿನವೂ ಅಷ್ಟು ಬೀಗಿರಲಿಲ್ಲ.

“ನಾಲ್ಕು ವಾರದ ಹಿಂದೆ ಈ ಚಿಲಕ ಯಾರೂ ಹಾಕ್ತಾನೇ ಇರಲಿಲ್ಲ. ನಾನಂತೂ ಸುಮ್ನೆ ಎಳ್ಕೊತಿದ್ದೆ. ನೀವ್ಯಾಕೆ ಅತ್ತೆ ಇದನ್ನ ಹಾಕೋಕೆ ಹೋದ್ರಿ?” ಎಂದೆ. ದನಿಯಲ್ಲಿ ಸ್ವಲ್ಪ ಮೇಷ್ಟ್ರಿಕೆ ಸೇರಿಕೊಂಡಿತ್ತು.

ಅತ್ತೆ ಬಾಗಿಲಿಗೊರಗಿ ಕೂತುಬಿಟ್ಟರು.

“ಆ ಮೇಷ್ಟ್ರು ಫೋನ್‌ನಲ್ಲಿ ನಿನ್ನ ಒಗಳುದ್ರಲ್ಲ, ಅವತ್ತಿಂದ ಆಕ್ತಾ ಇವ್ನಿ. ನಾಕ್ ವರ್ಸ ಮಕ ಬಾಡುಸ್ಕೊಂಡಿದ್ದೆ ನೀನು. ಈಗ ನಗ್ತಾ ಇದ್ದೀಯ. ಬಂದಿರೋಳು ಇತ್ಲಾಗಿಂದ ಒಂಟೋಗ್ಬಾರ್ದು ಅಂತ ಬಿಗಿಯಾಗಿ ಚಿಲ್ಕ ಆಕ್ದೆ ಕಣವ್ವ. ನಾನೇ ನಿಂಗೆ ಅಡ್ಡ ಆದ್ನಲ್ಲ.”

ನನ್ನ ಜಂಬ ಅಲ್ಲಿಗೇ ಇಳಿಯಿತು. ಈ ಮನೆಯಲ್ಲಿ ನನ್ನ ಬೇಸರ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ನಾಲ್ಕು ವರ್ಷ ಪಾತ್ರೆ ಕುಕ್ಕಿದ್ದೆ. ನೋಡಿದವರು ಒಬ್ಬರಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ. ಅವರ ಪಕ್ಕದಲ್ಲೇ ನೆಲಕ್ಕೆ ಕೂತು ಕಣ್ಣೊರೆಸಿಕೊಂಡೆ.

“ಮುಂದ್ಲು ಗ್ವಾಡೆಗೇ ತೂತು ಒಡ್ಸು. ನಾನೇನೂ ಅನ್ನಾಕಿಲ್ಲ,” ಎಂದರು ಅತ್ತೆ. ಅವರ ಬಾಯಿಂದ ಅದು ಬಂದದ್ದು ಸಣ್ಣ ಮಾತಲ್ಲ.

“ಬೇಡ ಅತ್ತೆ. ಚಿಲಕಾನೂ ಇರ್ಲಿ, ವೈರೂ ಇರ್ಲಿ,” ಎಂದೆ.

ಅಟ್ಟದಿಂದ ಹಳೆಯ ಉಳಿ, ಸುತ್ತಿಗೆ ಇಳಿಸಿಕೊಂಡೆ. ಅತ್ತೆ ಸ್ಟೂಲು ಹಿಡಿದುಕೊಂಡರು. ವೈರನ್ನು ಪಕ್ಕಕ್ಕೆ ಸರಿಸಿ, ಚೌಕಟ್ಟಿನ ಮೂಲೆಯಲ್ಲಿ ಹೆಬ್ಬೆರಳಗಲದ ಕಚ್ಚು ಕೊರೆದೆ. ಕೈಯಲ್ಲಿ ಎರಡು ಬೊಕ್ಕೆ ಎದ್ದವು. ಯಜಮಾನರು ಬಂದು, ಬಡಗಿಯನ್ನು ಕರೆಸಬಹುದಿತ್ತಲ್ಲ ಎಂದರು. ಅತ್ತೆ ಮಗನ ಕಡೆ ತಿರುಗಿಯೂ ನೋಡದೆ, “ನಮ್ಗೆ ಮೇಡಮ್ಮೇ ಸಾಕು, ನೀನೋಗಿ ಸ್ವಿಚ್ ಆಕೋಗು,” ಎಂದರು. ವೈರನ್ನು ಆ ಕಚ್ಚಿನಲ್ಲಿ ಕೂರಿಸಿ ಬಾಗಿಲು ಹಾಕಿ, ಚಿಲಕ ಏರಿಸಿದೆವು. ದೀಪ ಹಸಿರಾಗಿಯೇ ಇತ್ತು. ಅರಕಲಗೂಡಿನವನಿಗೆ ಫೋನ್ ಮಾಡಿ ರೇಗಿದ್ದಕ್ಕೆ ಕ್ಷಮೆ ಕೇಳಿದೆ, ಕಾಫಿ ಬಾಕಿ ಇದೆ, ಬಾ ಎಂದೆ.

ಸೋಮವಾರ ಆರು ಗಂಟೆಗೆ ಪಾಠ ಶುರು ಮಾಡಿದೆ. ಮೇಷ್ಟ್ರೂ ಒಂದು ಮೂಲೆಯ ಚೌಕದಲ್ಲಿ ಕೂತಿದ್ದರು. ವರ್ಗ ಸಮೀಕರಣ ಬಿಡಿಸುತ್ತಿದ್ದ ನನ್ನ ಕಿವಿಯೆಲ್ಲ ಹಿಂಬಾಗಿಲ ಕಡೆಗೇ. ಆರು ಇಪ್ಪತ್ತೆಂಟಕ್ಕೆ ಚಿಲಕ ಕಿರ್ರೆಂದಿತು. ಮಕ್ಕಳ ಮುಖಗಳು ಆಡುತ್ತಲೇ ಇದ್ದವು. ಒಳಗಿನಿಂದ ಅತ್ತೆಯ ದನಿ ಬಂತು.

“ಚಿಲ್ಕ ಆಕ್ದೆ ಕಣವ್ವ. ಐತಾ?”

ಮೈಕು ಆರಿಸುವುದನ್ನು ಮರೆತಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಲಿಪಟ್ಟಣದ ಹುಡುಗಿಯೊಬ್ಬಳು, “ಐತೆ ಅಜ್ಜಿ,” ಎಂದಳು.

ಈಗ ದಿನವೂ ದೀಪ ಹಚ್ಚುವ ಹೊತ್ತಿಗೆ ಅತ್ತೆ ಅದೇ ಮಾತು ಕೇಳುತ್ತಾರೆ. ನಾನು ಬೇಕೆಂದೇ ಮೈಕು ಆರಿಸುವುದಿಲ್ಲ. ಹನ್ನೆರಡು ಮಕ್ಕಳೂ ಒಟ್ಟಿಗೆ ಹೇಳುತ್ತಾರೆ, “ಐತೆ ಅಜ್ಜಿ, ಮೇಡಂ ಇಲ್ಲೇ ಅವ್ರೆ.”